ಶಿಬಿರದ ಮಕ್ಕಳು ಯಾರ ಹೊಣೆ?

2023ರ ಮೇ 3ರಂದು ಮಣಿಪುರದಲ್ಲಿ ಹೊತ್ತಿಕೊಂಡ ಬೆಂಕಿಗೆ ಮನೆಮಠ ಕಳೆದುಕೊಂಡವರು 60 ಸಾವಿರದ ಆಸುಪಾಸು. ಶಾಲೆ, ಕಾಲೇಜು, ಸರಕಾರಿ ಕಟ್ಟಡಗಳೇ ಅವರಿಗೆ ಪರಿಹಾರ ಶಿಬಿರಗಳಾದವು. ಒಂದೆರಡು ತಿಂಗಳ ಮಾತೆಂದು ಬಂದವರಲ್ಲಿ ಸಾವಿರಾರು ಮಂದಿ ಎರಡು ವರ್ಷ ದಾಟಿದರೂ ಅಲ್ಲೇ ಇದ್ದರು. ಮೊದಲು ಕಲ್ಲೆಸೆದವರು ಯಾರೆಂದು ಬರೆಯಲು ಬೇಕಾದಷ್ಟು ಕಾಗದ ಖರ್ಚಾಗಿದೆ. ಆ ನೆಲದ ಮೇಲೆ ಮಲಗಿದ ಕೂಸುಗಳ ಬಗ್ಗೆ ಬರೆದವರು ಕಡಿಮೆ.

ಶಿಬಿರ ಎಲ್ಲಿಯದೇ ಇರಲಿ, ಅಲ್ಲಿ ಮಕ್ಕಳ ಜೀವಕ್ಕೆ ಎರವಾಗುವುದು ದಡಾರ, ಭೇದಿ, ನ್ಯುಮೋನಿಯಾ. ಇವುಗಳ ಬೆನ್ನಿಗೆ ಅರೆಹೊಟ್ಟೆ. ಇವಕ್ಕೆ ಮದ್ದಿಲ್ಲವೆಂದು ಯಾವ ಸರಕಾರವೂ ಹೇಳುವಂತಿಲ್ಲ. 1971ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದವರು ಗಡಿಯ ಬನ್‌ಗಾಂವ್‌ನಲ್ಲಿ ತುಂಬಿದ್ದಾಗ ಕಾಲರಾ ಹೊಕ್ಕಿತು. ಸಲೈನ್ ಸಾಲದೆ ಬಂತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡಿಗೆ ಸೋಡಾ, ಗ್ಲೂಕೋಸ್ ಬೆರೆಸಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕದಡಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಬಟ್ಟಲು ಹಿಡಿದು ಕುಡಿಸಿದವರು ರೋಗಿಗಳ ತಾಯಂದಿರು, ಬಂಧುಗಳು. ಮೊದಲು ನೂರಕ್ಕೆ 30ರಷ್ಟು ಜನ ಸಾಯುತ್ತಿದ್ದರು. ಅವರ ಚಿಕಿತ್ಸೆ ಪಡೆದವರಲ್ಲಿ ಅದು 4ಕ್ಕಿಂತ ಕೆಳಗಿಳಿಯಿತು. ಆ ಪೊಟ್ಟಣಕ್ಕೆ ಏನು ಬಿದ್ದೀತೆಂದು ನಮ್ಮ ಕಿರಾಣಿ ಅಂಗಡಿಯ ಗೆಳೆಯರು ತಕ್ಕಡಿ ಎತ್ತದೆಯೇ ಹೇಳಬಲ್ಲರು. ಈ ವೈದ್ಯರಿಗೆ, ತೀರಿಕೊಂಡ ಮೇಲೆ, 2023ರ ಜನವರಿಯಲ್ಲಿ ಸರಕಾರ ಪದ್ಮವಿಭೂಷಣ ಘೋಷಿಸಿತು. ಮೇ ತಿಂಗಳಲ್ಲಿ ಮಣಿಪುರ ಉರಿಯಿತು.

ತೊಡಕಿರುವುದು ಕಾಗದದಲ್ಲಿ ಮತ್ತು ರಸ್ತೆಯಲ್ಲಿ. ಮಗುವಿನ ಹೆಸರು ಬಿಟ್ಟುಬಂದ ಊರಿನ ಅಂಗನವಾಡಿಯ ಪಟ್ಟಿಯಲ್ಲಿ; ಚುಚ್ಚುಮದ್ದಿನ ಕಾರ್ಡು ಮನೆಯೊಡನೆ ಬೂದಿ. ಕಾರ್ಡಿಲ್ಲದಿದ್ದರೆ ಹಾಕಿಲ್ಲವೆಂದೇ ತಿಳಿದು ಹಾಕಬೇಕು, ಇದು ವೈದ್ಯರ ನಿಯಮ. ದಡಾರದ ಚುಚ್ಚುಮದ್ದು ನಮ್ಮಲ್ಲಿ ಒಂಬತ್ತು ತಿಂಗಳಿಗೆ. ಶಿಬಿರದಲ್ಲಿ ಆರು ತಿಂಗಳಿಂದ 15 ವರ್ಷದ ತನಕ ಎಲ್ಲರಿಗೂ ಬೇಕೆಂದು ಪರಿಹಾರ ಸಂಸ್ಥೆಗಳು ಒಪ್ಪಿಕೊಂಡಿವೆ. ತಲೆಗೆ ದಿನಕ್ಕೆ 15 ಲೀಟರ್ ನೀರು, 20 ಜನರಿಗೊಂದು ಪಾಯಿಖಾನೆ ಎಂಬುದೂ ಅವರದೇ ಲೆಕ್ಕ. ವಠಾರದ ನಲ್ಲಿಯ ಮುಂದೆ ಕೊಡ ಹಿಡಿದು ನಿಂತು ಪಾಳಿಗೆ ಓಡುವ ಗಿರಣಿ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ರಸ್ತೆ. ಬೆಟ್ಟದ ಕುಕಿ-ಜೋ ಜನರಿಗೆ ಇಂಫಾಲದ ದೊಡ್ಡ ಆಸ್ಪತ್ರೆಗಳು ಮುಚ್ಚಿದಂತಾದವು. ಚುರಾಚಾಂದ್‌ಪುರದಿಂದ ಇಂಫಾಲ 60 ಕಿಲೋಮೀಟರಿನ ದಾರಿ. ರೋಗಿಗಳು ಮಿಜೋರಾಮಿನ ಐಜ್ವಾಲಿಗೆ ನೂರಾರು ಕಿಲೋಮೀಟರ್ ಹೋಗಬೇಕಾಯಿತು. ಕಣಿವೆಯ ಶಿಬಿರದ ಮೈತೇಯಿ ತಾಯಿಯೂ ಇದೇ ನೆಲದ ಮೇಲೆ ಮಲಗಿದವಳೇ. ಭೇದಿ ಯಾವ ಕುಲವನ್ನೂ ಕೇಳಿ ಬರುವುದಿಲ್ಲ.

2025ರ ಜುಲೈಯಲ್ಲಿ ಆಡಳಿತಗಾರರು ಡಿಸೆಂಬರಿನೊಳಗೆ ಶಿಬಿರಗಳನ್ನೆಲ್ಲ ಮುಚ್ಚುವ ಮಾತಾಡಿದರು. ಮನೆಗೆ ಮರಳುವುದನ್ನು ಯಾರು ಬೇಡವೆಂದಾರು? ಆದರೆ ನಾವು ಕೇಳುವುದಿಷ್ಟು: ಶಿಬಿರ ಇರುವ ತನಕ ಮಗು ಎಲ್ಲಿ ಮಲಗಿದೆಯೋ ಅಲ್ಲಿಯೇ ಅದರ ಹೆಸರು, ಹಾಲು, ಚುಚ್ಚುಮದ್ದು, ಪ್ರತಿ ಶಿಬಿರಕ್ಕೂ ಹೊಣೆ ಹೊತ್ತ ಒಬ್ಬ ದಾದಿ. ಒಂದು ಕುಟುಂಬವನ್ನು ಹಿಂದಕ್ಕೆ ಕಳಿಸುವ ಮುನ್ನ, ಆ ಊರಿನ ಆರೋಗ್ಯ ಉಪಕೇಂದ್ರದ ಬೀಗ ತೆಗೆದಿದೆಯೇ, ಒಳಗೆ ಮದ್ದಿದೆಯೇ ಎಂಬುದನ್ನು ಸರಕಾರ ಊರೂರಿನ ಹೆಸರು ಹಿಡಿದು ಪ್ರಕಟಿಸಲಿ.