ಮುಖಪುಟದಲ್ಲಿ ಮೊದಲ ಹೆಸರು
ಬೆಂಗಳೂರಿನ ದೊಡ್ಡನೆಕ್ಕುಂದಿಯಲ್ಲಿ ಪಾಯ ತೋಡುವ ಜೆಸಿಬಿಗಳಿಗೆ ಬಿಡುವೇ ಇಲ್ಲ. ಅಗೆದ ಮಣ್ಣಿನಲ್ಲಿ ಏನಿತ್ತೆಂದು ನೋಡುವವರೂ ಇಲ್ಲ. ಇಲ್ಲಿಂದ ಪೂರ್ವಕ್ಕೆ, ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ, 1957ರಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳ ಉತ್ಖನನ ನಡೆದಿತ್ತು. ಅದಕ್ಕೂ ಮೊದಲೇ, 1952ರಲ್ಲಿ, ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳಕ್ಕೆ ಪುರಾತತ್ವಜ್ಞೆ ಬ್ರಿಜೆಟ್ ಆಲ್ಚಿನ್ ಬಂದಿದ್ದರು. 1927ರಲ್ಲಿ ಹುಟ್ಟಿದ ಆಕೆಗೆ ಆಗಿನ್ನೂ ಇಪ್ಪತ್ತೈದು. ಪತಿ ರೇಮಂಡ್ ಜೊತೆ ಉತ್ಖನನಕ್ಕೆ ನಿಂತರು. ಬಂಡೆಗುಡ್ಡಗಳ ನಡುವಿನ ಆ ನವಶಿಲಾಯುಗದ ನೆಲೆಯಲ್ಲಿ ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿ, ಕೈಯಲ್ಲೇ ತಟ್ಟಿದ ಬೂದುಬಣ್ಣದ ಮಡಕೆಚೂರು, ದನಗಳ ಮೂಳೆ ಸಿಕ್ಕವು. ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳಿದ್ದವು. ದನ ಸಾಕಿ ಬಾಳಿದ ಜನ ಅಲ್ಲಿನವರು. ಆ ಸೀಮೆಯ ಬೂದಿದಿಬ್ಬಗಳೂ ದೊಡ್ಡಿಗಳಲ್ಲಿ ಸುಟ್ಟ ಸಗಣಿಯವೇ. ನೆರೆಯ, ಆಗಿನ ಮೆಹಬೂಬ್‌ನಗರ ಜಿಲ್ಲೆಯ ಉತನೂರಿನ ಬೂದಿದಿಬ್ಬದಲ್ಲಿ ಗೊರಸಿನ ಗುರುತುಗಳೇ ಅಚ್ಚೊತ್ತಿ ಉಳಿದಿದ್ದವು. 1960ರಲ್ಲಿ ಬಂದ ಪಿಕ್ಲಿಹಾಳದ ವರದಿಯ ಮೇಲೆ ರೇಮಂಡ್ ಒಬ್ಬರದೇ ಹೆಸರು. ಆ ಕಾಲದ ರೂಢಿ ಅದು, ಆದರೂ ಮನಸ್ಸಿಗೆ ಚುಚ್ಚುತ್ತದೆ. ಬ್ರಿಜೆಟ್ ಮಾತ್ರ ಶಿಲಾಯುಧಗಳನ್ನೇ ತಮ್ಮ ಕ್ಷೇತ್ರ ಮಾಡಿಕೊಂಡರು. ಭಾರತದ ಮಧ್ಯ ಶಿಲಾಯುಗದ ಕುರಿತು ಸ್ವತಂತ್ರವಾಗಿ ಬರೆದರು. 1968ರಲ್ಲಿ ದಂಪತಿ ಸೇರಿ ಬರೆದ 'ದಿ ಬರ್ತ್ ಆಫ್ ಇಂಡಿಯನ್ ಸಿವಿಲೈಸೇಷನ್' ಹೊರಬಂತು. ಮುಂದೆ ವಿದ್ಯಾರ್ಥಿಗಳ ಕೈಪಿಡಿಯೇ ಆದ ಆ ಪುಸ್ತಕದ ಮುಖಪುಟದಲ್ಲಿ ಮೊದಲು ಬ್ರಿಜೆಟ್, ನಂತರ ರೇಮಂಡ್.