ಪ್ರಶಸ್ತಿ ಪಟ್ಟಿಯಾಚೆಯ ಕಲ್ಯಾಣ

2025ರ ಆಗಸ್ಟ್ 1ರಂದು 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದಾಗ ಯಶೋದಾ ಪ್ರಕಾಶ್ ನಿರ್ದೇಶನದ ‘ಕಂದೀಲು’ ಅತ್ಯುತ್ತಮ ಕನ್ನಡ ಚಿತ್ರವೆನಿಸಿತು. ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ 2024ರಲ್ಲಿ ಮೊದಲ ಬಹುಮಾನ ಗಳಿಸಿದ್ದ ಚಿದಾನಂದ ನಾಯ್ಕ್ ಅವರ ಕಿರುಚಿತ್ರಕ್ಕೂ ಮನ್ನಣೆ ದೊರೆಯಿತು. ಪತ್ರಿಕೆಗಳಲ್ಲಿ ಸುದ್ದಿ ಬಂತು, ಅಭಿನಂದನೆಗಳು ಹರಿದವು. ಆದರೆ ಬಸವಕಲ್ಯಾಣದಲ್ಲೋ ಹುಮನಾಬಾದಿನಲ್ಲೋ ಕುಳಿತು ಆ ಸುದ್ದಿ ಓದುವ ಚಿತ್ರಪ್ರೇಮಿಯ ಮುಂದೆ ಪ್ರತಿ ವರ್ಷವೂ ಏಳುವ ಪ್ರಶ್ನೆ ಒಂದೇ. ಈ ಚಿತ್ರಗಳನ್ನು ನೋಡುವುದೆಲ್ಲಿ?

ಪ್ರಶಸ್ತಿಯ ಋತುವಿನಲ್ಲಿ ಸಿನಿಮಾ ರಸಿಕರು ತಮ್ಮದೇ ಪಟ್ಟಿ ಮಾಡಿಕೊಳ್ಳುವುದು ಹಳೆಯ ರೂಢಿ. ತೀರ್ಪುಗಾರರು ಯಾರಿಗೆ ಕೊಟ್ಟರು, ಯಾರಿಗೆ ಕೊಡಬೇಕಿತ್ತು, ಯಾವ ಪಾತ್ರ ಕಣ್ಣಿಗೆ ಬೀಳದೆ ಹೋಯಿತು ಎಂಬ ಚರ್ಚೆ ಚಹಾದಂಗಡಿಯಿಂದ ಹಿಡಿದು ಬಸ್ಸಿನ ಸೀಟಿನವರೆಗೆ ನಡೆಯುತ್ತದೆ. ಬೆಂಗಳೂರಿನ ರಸಿಕನ ಪಟ್ಟಿಗೂ ಬೀದರ್ ಜಿಲ್ಲೆಯ ರಸಿಕನ ಪಟ್ಟಿಗೂ ಇರುವ ಅಂತರ ಕೇವಲ ಅಭಿರುಚಿಯದಲ್ಲ. ಮೊದಲನೆಯವನು ನೋಡಿ ತಿರಸ್ಕರಿಸಬಲ್ಲ. ಎರಡನೆಯವನಿಗೆ ತಿರಸ್ಕರಿಸುವ ಅವಕಾಶವೂ ಇಲ್ಲ. ಪ್ರಶಸ್ತಿ ಪಡೆದ ಕನ್ನಡ ಚಿತ್ರಗಳಲ್ಲಿ ಬಹುಪಾಲು ಬೆಂಗಳೂರು, ಮೈಸೂರುಗಳ ಕೆಲವೇ ಮಲ್ಟಿಪ್ಲೆಕ್ಸ್‌ಗಳಲ್ಲಿ ವಾರವೊಂದು ಕಾಣಿಸಿಕೊಂಡು ಮರೆಯಾಗುತ್ತವೆ. ಬೆಂಗಳೂರಿನಿಂದ ಆರುನೂರು ಕಿಲೋಮೀಟರಿಗೂ ದೂರದ ತಾಲ್ಲೂಕು ಕೇಂದ್ರಕ್ಕೆ ಅವು ಬರುವ ಹೊತ್ತಿಗೆ, ಬಂದರೆ, ಪೋಸ್ಟರ್ ಅಂಟಿಸುವ ಖರ್ಚೂ ಹುಟ್ಟುವುದಿಲ್ಲವೆಂಬುದು ಹಂಚಿಕೆದಾರರ ಲೆಕ್ಕ.

ಇದರಲ್ಲಿ ಅಡಗಿರುವ ವಿಪರ್ಯಾಸವೇ ಬೇರೆ. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರು ಬಂತು. ಚಾಲುಕ್ಯರ ರಾಜಧಾನಿಯಾಗಿದ್ದ, ಕಳಚೂರಿ ಬಿಜ್ಜಳನ ಆಸ್ಥಾನವಿದ್ದ, ಬಸವಣ್ಣನ ಅನುಭವ ಮಂಟಪದ ನೆಲವಾದ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಕನ್ನಡ ಚಿತ್ರರಂಗ ಈ ಊರಿನ ಕಥೆಯನ್ನು ಎಂದೂ ಮರೆತಿಲ್ಲ. ಮರೆತದ್ದು ಊರನ್ನು.

ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನದ ‘ಜಗಜ್ಯೋತಿ ಬಸವೇಶ್ವರ’ ತೆರೆಗೆ ಬಂದದ್ದು 1959ರಲ್ಲಿ. ಹೊನ್ನಪ್ಪ ಭಾಗವತರು ಬಸವಣ್ಣನಾಗಿದ್ದ ಆ ಚಿತ್ರ ಏಳನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪತಿಗಳ ಬೆಳ್ಳಿ ಪದಕ ಗಳಿಸಿತು. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್ ಜಿಲ್ಲೆ ಕನ್ನಡ ನಾಡಿನೊಂದಿಗೆ ಸೇರಿ ಆಗ ಇನ್ನೂ ಮೂರೇ ವರ್ಷಗಳಾಗಿದ್ದವು. ಕಲ್ಯಾಣದವರಿಗೆ ಕಲ್ಯಾಣದ ಕಥೆ ಕನ್ನಡದ ಬೆಳ್ಳಿತೆರೆಯಲ್ಲಿ ದೊರೆತ ಮೊದಲ ದೊಡ್ಡ ಗೌರವವದು. ಆ ಚಿತ್ರದ ಮರೆತ ಆಕರ್ಷಣೆ ಯಾವುದೆಂದು ಕೇಳಿದರೆ ಬಿಜ್ಜಳನ ಪಾತ್ರದ ರಾಜ್‌ಕುಮಾರ್ ಎನ್ನಬೇಕು. ‘ಬೇಡರ ಕಣ್ಣಪ್ಪ’ದಿಂದ ಮನೆಮಾತಾಗಿ ಐದು ವರ್ಷ ಕಳೆದಿದ್ದ ನಟ, ಇನ್ನೊಬ್ಬರು ಬಸವಣ್ಣನಾಗಿರುವಾಗ ಅವನ ಎದುರಾಳಿಯಾದ ಅರಸನ ಕಿರೀಟ ಹೊತ್ತರು. ಮುಂದೆ ಅವರ ನಾಯಕಪಾತ್ರಗಳ ಪ್ರಭೆಯಲ್ಲಿ ಈ ಬಿಜ್ಜಳ ಮಸುಕಾದ. ರಾಜ್ ಅವರ ಶ್ರೇಷ್ಠ ಪಾತ್ರಗಳನ್ನು ಎಣಿಸುವಾಗ ಅವನ ಹೆಸರು ಬರುವುದು ಅಪರೂಪ. ಕಲ್ಯಾಣದ ಕೋಟೆಯ ನೆರಳಿನಲ್ಲಿ ಬೆಳೆದವನ ಪಟ್ಟಿಯಲ್ಲಿ ಮಾತ್ರ ಅವನಿಗೆ ಮೇಲಿನ ಸ್ಥಾನವೇ ಸಲ್ಲಬೇಕು.

1983ರ ‘ಕ್ರಾಂತಿಯೋಗಿ ಬಸವಣ್ಣ’ವನ್ನು ದಾಟಿ ಬಂದರೆ ಸಿಗುವುದು ಟಿ.ಎಸ್. ನಾಗಾಭರಣರ ‘ಅಲ್ಲಮ’. 2017ರ ಜನವರಿಯಲ್ಲಿ ಬಿಡುಗಡೆಯಾದ ಈ ಚಿತ್ರಕ್ಕೆ 64ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಬಾಪು ಪದ್ಮನಾಭ ಅವರ ಸಂಗೀತಕ್ಕೂ ಪ್ರಸಾಧನಕ್ಕೂ ಪುರಸ್ಕಾರ ಬಂತು. ಅತ್ಯುತ್ತಮ ಕನ್ನಡ ಚಿತ್ರದ ಪ್ರಶಸ್ತಿ ‘ರಿಸರ್ವೇಷನ್’ಗೆ ಹೋಯಿತು. ನಟನೆಯ ಪ್ರಶಸ್ತಿ ‘ರುಸ್ತುಂ’ ಚಿತ್ರದ ಅಕ್ಷಯ್ ಕುಮಾರ್ ಪಾಲಾಗಿ ದೇಶಾದ್ಯಂತ ಟೀಕೆಗೆ ಗುರಿಯಾದದ್ದು ಅದೇ ವರ್ಷ. ಆ ಗದ್ದಲದಲ್ಲಿ ಅಲ್ಲಮನಾಗಿದ್ದ ಧನಂಜಯ್ ಹೆಸರನ್ನು ಎತ್ತಿದವರು ಕಡಿಮೆ. ಮದ್ದಳೆಯ ಮೋಹದಿಂದ ಶೂನ್ಯದ ಕಡೆಗೆ ನಡೆಯುವ ಪಾತ್ರಕ್ಕೆ ಕೂಗಾಟ ಒದಗುವುದಿಲ್ಲ. ಮೌನವನ್ನೇ ನಟಿಸಬೇಕಾಗುತ್ತದೆ. ಮರುವರ್ಷ ‘ಟಗರು’ ಚಿತ್ರದ ಡಾಲಿಯಾಗಿ ಅವರು ನಾಡಿನ ಬಾಯಲ್ಲಿ ನೆಲೆಸಿದರು. ಅಲ್ಲಮನನ್ನು ನೆನೆಯುವವರು ಈಗಲೂ ಕೆಲವರೇ. ಬಣ್ಣಕ್ಕೆ, ಸಂಗೀತಕ್ಕೆ ಪ್ರಶಸ್ತಿ ಬಂದು ಬಣ್ಣ ಹಚ್ಚಿಕೊಂಡವನಿಗೆ ಬಾರದೆ ಹೋದದ್ದು ಕಲ್ಯಾಣದ ರಸಿಕನ ಮನಸ್ಸಿನಲ್ಲಿ ಉಳಿಯುವ ಕೊರಗು.

ಹೆಸರಿನ ಗೊಂದಲವೂ ಒಂದುಂಟು. 68ನೇ ರಾಷ್ಟ್ರೀಯ ಪ್ರಶಸ್ತಿಗಳು 2022ರಲ್ಲಿ ಪ್ರಕಟವಾದಾಗ ಪಟ್ಟಿಯಲ್ಲಿ ‘ತಲೆದಂಡ’ವಿತ್ತು. ಬಿಜ್ಜಳ, ಬಸವಣ್ಣರನ್ನು ಕುರಿತ ಗಿರೀಶ ಕಾರ್ನಾಡರ ನಾಟಕ ಕೊನೆಗೂ ಚಿತ್ರವಾಯಿತೆಂದು ಕಲ್ಯಾಣದಲ್ಲಿ ಯಾರಾದರೂ ಹಿಗ್ಗಿದ್ದರೆ ತಪ್ಪಿಲ್ಲ. ಪ್ರವೀಣ್ ಕೃಪಾಕರ್ ಅವರ ಆ ಚಿತ್ರ ಮರಗಳನ್ನು ಪ್ರೀತಿಸುವ ಯುವಕನದು. ಪರಿಸರ ಸಂರಕ್ಷಣೆಯ ವಿಭಾಗದಲ್ಲಿ ಅದಕ್ಕೆ ಪ್ರಶಸ್ತಿ ಸಂದಿತು. ಅದರ ನಾಯಕ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು.

ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು ‘ನಾನು ಅವನಲ್ಲ ಅವಳು’. ಆ ನಿರ್ಧಾರದ ಬಗ್ಗೆ ತಕರಾರಿಲ್ಲ. ಆದರೆ ಅದೇ 62ನೇ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವಾದ ಮಂಸೋರೆ ನಿರ್ದೇಶನದ ‘ಹರಿವು’ವಿನಲ್ಲಿಯೂ ಅವರಿದ್ದರೆಂಬುದು ಬಹುಮಂದಿಗೆ ನೆನಪಿಲ್ಲ. ಉತ್ತರ ಕರ್ನಾಟಕದ ರೈತನೊಬ್ಬ ಮಗನ ಚಿಕಿತ್ಸೆಗೆಂದು ಬೆಂಗಳೂರಿಗೆ ಬರುತ್ತಾನೆ. ಮಗ ಉಳಿಯುವುದಿಲ್ಲ. ಶವ ಸಾಗಿಸುವ ವಾಹನಕ್ಕೆ ಹಣವಿಲ್ಲದೆ, ಅದನ್ನು ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಹೊರಡುತ್ತಾನೆ. ನೈಜ ಘಟನೆಯನ್ನು ಆಧರಿಸಿದ ಈ ಕಥೆಯನ್ನು ರಾಜಧಾನಿಯ ಪ್ರೇಕ್ಷಕ ಕರುಣೆಯಿಂದ ನೋಡಬಹುದು. ಬೀದರ್ ಜಿಲ್ಲೆಯವರು ನೋಡುವ ಬಗೆ ಬೇರೆ. ದೊಡ್ಡ ಕಾಯಿಲೆ ಬಂದರೆ ಹೈದರಾಬಾದೋ ಸೋಲಾಪುರವೋ ಬೆಂಗಳೂರೋ ಎಂದು ಮನೆಮಂದಿ ಕುಳಿತು ಲೆಕ್ಕ ಹಾಕುವುದು, ರಾತ್ರಿ ಬಸ್ಸಿನ ಸೀಟಿನಲ್ಲಿ ರೋಗಿಯನ್ನು ಮಲಗಿಸಿಕೊಂಡು ಹೋಗುವುದು ಇಲ್ಲಿನ ಬದುಕು. ಆ ತಂದೆಯ ನಡಿಗೆಯಲ್ಲಿ, ಅವನು ಟ್ರಂಕಿನ ಮೇಲೆ ಕೈಯಿಟ್ಟು ಕೂರುವ ರೀತಿಯಲ್ಲಿ ವಿಜಯ್ ಮಾಡಿದ ಕೆಲಸವನ್ನು ತೂಗಬಲ್ಲವರು ಇಲ್ಲಿನವರೇ. ಅವರಿಗೇ ಆ ಚಿತ್ರ ಸುಲಭವಾಗಿ ತಲುಪಲಿಲ್ಲ.

ಇಲ್ಲಿಗೆ ಮಾತು ಭಾಷೆಯ ಕಡೆಗೆ ಹೊರಳಬೇಕಾಗುತ್ತದೆ. ಬಸವಕಲ್ಯಾಣದ ಕಥೆಗಳು ತೆರೆಯ ಮೇಲೆ ಬಂದಾಗಲೆಲ್ಲ ಪಾತ್ರಗಳು ಗ್ರಾಂಥಿಕ ಕನ್ನಡ ಆಡಿದವು. ಹನ್ನೆರಡನೇ ಶತಮಾನದ ಕಥೆಗೆ ಅದು ಸಹಜವೇ ಇರಬಹುದು. ಇಂದಿನ ಕಥೆಗಳಲ್ಲೂ ‘ಉತ್ತರ ಕರ್ನಾಟಕದ ಭಾಷೆ’ ಎಂದರೆ ಧಾರವಾಡ, ಹುಬ್ಬಳ್ಳಿಯ ಮಾತು, ಅದೂ ಹೆಚ್ಚಾಗಿ ನಗೆಪಾತ್ರಕ್ಕೆ ಮೀಸಲು. ಧಾರವಾಡದವರು ‘ಮಾಡಾಕತ್ತೀನಿ’ ಎಂದರೆ ಕಲಬುರಗಿ, ಬೀದರ್ ಕಡೆಯವರು ‘ಮಾಡ್ಲತ್ತೀನಿ’ ಎನ್ನುತ್ತಾರೆ. ದಖನಿ ಉರ್ದು, ಮರಾಠಿ, ತೆಲುಗುಗಳ ಹಾಸುಹೊಕ್ಕಿನಲ್ಲಿ ಬೆಳೆದ ಈ ಕನ್ನಡವನ್ನು ಮುಖ್ಯ ಪಾತ್ರದ ಬಾಯಲ್ಲಿ ಗಂಭೀರವಾಗಿ ಕೇಳಿಸಿದ ಚಿತ್ರ ಸುಲಭಕ್ಕೆ ನೆನಪಿಗೆ ಬರುವುದಿಲ್ಲ.

ನೆರೆಯವರನ್ನು ನೋಡಿದರೆ ಕೊರತೆ ಎದ್ದು ಕಾಣುತ್ತದೆ. ಹುಮನಾಬಾದಿನ ಮೂಲಕ ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯ ಪಶ್ಚಿಮಕ್ಕೆ ಸೋಲಾಪುರ. ಆ ಜಿಲ್ಲೆಯ ಕರಮಾಳಾ ತಾಲ್ಲೂಕಿನಿಂದ ಬಂದ ನಾಗರಾಜ ಮಂಜುಳೆ ‘ಫ್ಯಾಂಡ್ರಿ’, ‘ಸೈರಾಟ್’ ಚಿತ್ರಗಳಲ್ಲಿ ತಮ್ಮ ಸೀಮೆಯ ಆಡುಮರಾಠಿಯನ್ನೇ ಬಳಸಿದರು. ಎರಡಕ್ಕೂ ರಾಷ್ಟ್ರಮಟ್ಟದ ಮನ್ನಣೆ ಬಂತು. ‘ಸೈರಾಟ್’ ಕನ್ನಡದಲ್ಲಿ ‘ಮನಸು ಮಲ್ಲಿಗೆ’ಯೂ ಆಯಿತು. ಹೆದ್ದಾರಿಯ ಪೂರ್ವಕ್ಕೆ ತೆಲಂಗಾಣ. ಅಲ್ಲಿಯ ಹಳ್ಳಿಯ ಮಾತನ್ನೂ ಸಾವಿನ ಮನೆಯ ಆಚರಣೆಯನ್ನೂ ಹಿಡಿದ ವೇಣು ಯೆಲ್ದಂಡಿಯವರ ‘ಬಲಗಂ’ 2023ರಲ್ಲಿ ಗೆದ್ದಿತು. ಅದರ ಹಾಡಿಗಾಗಿ ಕಾಸರ್ಲ ಶ್ಯಾಮ್ ಅವರಿಗೆ 71ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಗೀತರಚನೆಯ ಗೌರವ ದೊರೆಯಿತು. ಒಂದು ಕಾಲಕ್ಕೆ ತೆಲುಗು ಚಿತ್ರಗಳಲ್ಲಿ ತೆಲಂಗಾಣದ ಮಾತೂ ಪುಂಡರಿಗೆ, ಹಾಸ್ಯಗಾರರಿಗೆ ಸೀಮಿತವಾಗಿತ್ತೆಂಬುದು ಇಲ್ಲಿ ನೆನೆಯಬೇಕಾದ ಸಂಗತಿ.

ಪ್ರಾದೇಶಿಕ ಕನ್ನಡವನ್ನು ಜನ ಒಪ್ಪುವುದಿಲ್ಲವೆಂಬ ನೆಪಕ್ಕೂ ಈಗ ಬಲವಿಲ್ಲ. ಮಂಡ್ಯದ ಮಾತನ್ನು ಹಳ್ಳಿಗರ ಬಾಯಿಂದಲೇ ಆಡಿಸಿದ ‘ತಿಥಿ’ 63ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವಾಯಿತು. ಕರಾವಳಿಯ ಕನ್ನಡದ ‘ಕಾಂತಾರ’ವನ್ನು 2022ರಲ್ಲಿ ಇಡೀ ರಾಜ್ಯ ನೋಡಿತು. 2024ರ ಆಗಸ್ಟ್‌ನಲ್ಲಿ ಪ್ರಕಟವಾದ 70ನೇ ಪ್ರಶಸ್ತಿಗಳಲ್ಲಿ ರಿಷಬ್ ಶೆಟ್ಟಿ ಅತ್ಯುತ್ತಮ ನಟರಾದರು, ಅತ್ಯುತ್ತಮ ಕನ್ನಡ ಚಿತ್ರದ ಪ್ರಶಸ್ತಿ ‘ಕೆಜಿಎಫ್ ಚಾಪ್ಟರ್ 2’ಕ್ಕೆ ಹೋಯಿತು.

ಅದೇ 2022ರಲ್ಲಿ ರಿಷಬ್ ಶೆಟ್ಟಿಯವರೇ ನಿರ್ಮಾಪಕರಾಗಿದ್ದ ಇನ್ನೊಂದು ಚಿತ್ರ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಪಡೆಯಿತು. ಜೈಶಂಕರ್ ಆರ್ಯರ್ ನಿರ್ದೇಶನದ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಗ್ರಾಮದ್ದು. ಶಾಲೆಯಲ್ಲಿ ಅಡುಗೆ ಮಾಡುವ ಬಡ ಹೆಂಗಸು ಅಸ್ವಸ್ಥ ಗಂಡನನ್ನೂ ಮನೆಯನ್ನೂ ನೋಡಿಕೊಳ್ಳುತ್ತ, ಶಕ್ತಿವರ್ಧಕ ಪೇಯ ಮಾರುವ ಸರಪಳಿ ವ್ಯಾಪಾರಕ್ಕೆ ಉಳಿತಾಯ ಸುರಿಯುತ್ತಾಳೆ. ನಟರು ವೃತ್ತಿಪರರಲ್ಲ, ಮಾತು ಆ ಸೀಮೆಯದೇ. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ವ್ಯಾಪಾರದ ಆಸೆಗೆ ಬಿದ್ದವರನ್ನು ಬಲ್ಲ ಪ್ರೇಕ್ಷಕ ಶಿವಮ್ಮನನ್ನು ನೋಡಿ ನಗಲೂ ಆರ, ಬೈಯಲೂ ಆರ. ಚಿತ್ರಮಂದಿರಕ್ಕೆ ಅದು ಬಂದದ್ದು 2024ರ ಜೂನ್‌ನಲ್ಲಿ. ಬೂಸಾನ್‌ನ ಪ್ರೇಕ್ಷಕ ಕಂಡ ಸುಮಾರು ಇಪ್ಪತ್ತು ತಿಂಗಳ ಬಳಿಕ! ಉತ್ಸವ್ ಗೋನವಾರ ನಿರ್ದೇಶನದ ‘ಫೋಟೋ’ ಕೂಡ ಅದೇ ವರ್ಷ ಬಿಡುಗಡೆಯಾಯಿತು. ವಿಧಾನಸೌಧದ ಮುಂದೆ ಫೋಟೊ ತೆಗೆಸಿಕೊಳ್ಳುವ ಆಸೆ ಹೊತ್ತ ರಾಯಚೂರು ಕಡೆಯ ಹುಡುಗ, ಲಾಕ್‌ಡೌನ್‌ನಿಂದಾಗಿ ನಡೆದುಕೊಂಡೇ ಊರ ದಾರಿ ಹಿಡಿಯುವ ಚಿತ್ರವದು. ಹತ್ತು ವರ್ಷಗಳಲ್ಲಿ ಈ ಭಾಗದ ಬದುಕನ್ನು ಕುರಿತು ಬಂದ ಚಿತ್ರಗಳ ಪೈಕಿ ಒಂದನ್ನೇ ಆರಿಸೆಂದರೆ ಆಯ್ಕೆ ‘ಶಿವಮ್ಮ’ನದೇ. ‘ಫೋಟೋ’ ಮನ ಕಲಕುತ್ತದೆ, ‘ಶಿವಮ್ಮ’ ಬಹುಕಾಲ ಬೆನ್ನು ಹತ್ತುತ್ತದೆ.

ಕಲ್ಯಾಣ ಕರ್ನಾಟಕಕ್ಕೆ ಉದ್ಯೋಗ, ಶಿಕ್ಷಣಗಳಲ್ಲಿ ಸಂವಿಧಾನದ 371(ಜೆ) ವಿಧಿಯ ಆಸರೆಯಿದೆ. ಪ್ರಶಸ್ತಿಯಲ್ಲಿ ಮೀಸಲಾತಿ ಯಾರೂ ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ. ಕೇಳಬೇಕಾದದ್ದು ಹೊತ್ತಿಗೆ ಸರಿಯಾದ ಪ್ರಶಸ್ತಿ ಮತ್ತು ಕಣ್ಣೆದುರಿನ ಪ್ರದರ್ಶನ. ರಾಜ್ಯ ಸರ್ಕಾರ 2019ರ ಚಿತ್ರಗಳಿಗೆ ಪ್ರಶಸ್ತಿ ಪ್ರಕಟಿಸಿದ್ದು 2025ರ ಜನವರಿಯಲ್ಲಿ. ಅತ್ಯುತ್ತಮ ನಟರಾಗಿ ಆಯ್ಕೆಯಾದ ಸುದೀಪ್ ಅದನ್ನು ನಯವಾಗಿ ನಿರಾಕರಿಸಿದರು. ಪಿ. ಶೇಷಾದ್ರಿಯವರ ‘ಮೋಹನದಾಸ’ ಮೊದಲ ಅತ್ಯುತ್ತಮ ಚಿತ್ರವೆನಿಸಿತು. ಐದು ವರ್ಷದ ಹಿಂದಿನ ಚಿತ್ರಕ್ಕೆ ಬಂದ ಪ್ರಶಸ್ತಿಯ ಹೆಸರಿನಲ್ಲಿ ಹುಮನಾಬಾದಿನ ಚಿತ್ರಮಂದಿರದವನು ಯಾವ ಪೋಸ್ಟರ್ ಅಂಟಿಸಬೇಕು? ಪ್ರಶಸ್ತಿಯಿಂದ ಸಣ್ಣ ಚಿತ್ರಕ್ಕೆ ಆಗಬಹುದಾದ ಏಕೈಕ ವ್ಯಾವಹಾರಿಕ ಲಾಭ, ಎಂದರೆ ಎರಡನೇ ಬಿಡುಗಡೆ, ಈ ವಿಳಂಬದಲ್ಲೇ ಕರಗಿಹೋಗುತ್ತದೆ.

2025ರ ಮಾರ್ಚ್‌ನ ರಾಜ್ಯ ಬಜೆಟ್‌ನಲ್ಲಿ ಕನ್ನಡ ಚಿತ್ರಗಳಿಗಾಗಿ ಸರ್ಕಾರದ್ದೇ ಒಟಿಟಿ ವೇದಿಕೆ ರೂಪಿಸುವ ಘೋಷಣೆ ಬಂತು. ಕೇರಳ ಇಂಥದ್ದನ್ನು ‘ಸಿ ಸ್ಪೇಸ್’ ಹೆಸರಿನಲ್ಲಿ 2024ರ ಮಾರ್ಚ್‌ನಲ್ಲೇ ಆರಂಭಿಸಿತ್ತು. ವೇದಿಕೆ ಬಂದರೆ ಬಸವಕಲ್ಯಾಣದ ರಸಿಕನಿಗೆ ಬೆಂಗಳೂರಿನ ರಸಿಕನಷ್ಟೇ ಹಕ್ಕು ದೊರೆಯುತ್ತದೆ. ಆದರೂ ಫೋನಿನ ಪರದೆ ಊರಿನ ಪರದೆಯಾಗದು. ‘ಹರಿವು’ವನ್ನೋ ‘ಶಿವಮ್ಮ’ನನ್ನೋ ನೂರು ಮಂದಿ ಒಟ್ಟಿಗೆ ಕುಳಿತು ನೋಡಿದಾಗಲೇ ಪಕ್ಕದವನು ಎಲ್ಲಿ ಸುಮ್ಮನಾದ ಎಂಬುದು ತಿಳಿಯುವುದು.

ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾದದ್ದು 2021ರ ಜನವರಿ 6ರಂದು, ಅಂದಿನ ಅಂದಾಜು ವೆಚ್ಚ 500 ಕೋಟಿ ರೂಪಾಯಿ. ಸಕಲ ಕಸುಬಿನವರೂ ಕುಳಿತು ವಾದಿಸಿದ ಸಭೆಯ ನೆನಪಿಗೆ ಕಟ್ಟುವ ಆವರಣದಲ್ಲಿ ವರ್ಷಕ್ಕೊಂದು ವಾರ ಆ ವರ್ಷದ ಪ್ರಶಸ್ತಿ ಚಿತ್ರಗಳನ್ನೂ ಪ್ರಶಸ್ತಿ ತಪ್ಪಿದ ಚಿತ್ರಗಳನ್ನೂ ತೋರಿಸಿ ಚರ್ಚೆಗೆ ಬಿಡಲು ಆ ಮೊತ್ತದಲ್ಲಿ ಎಷ್ಟು ಬೇಕಾದೀತು? ಮೊದಲ ದಿನದ ಪ್ರದರ್ಶನಕ್ಕೆ 1959ರ ಬಿಜ್ಜಳನನ್ನೂ 2017ರ ಅಲ್ಲಮನನ್ನೂ ಒಟ್ಟಿಗೆ ಕರೆಸಬಹುದು. ಎರಡನೆಯ ದಿನ ಯರೇಹಂಚಿನಾಳದ ಶಿವಮ್ಮನಿಗೆ.