ಸಂಕೋಲೆ ಕಳಚುವ ಕೃಪೆ

ನಮ್ಮ ಕಥೋಲಿಕ ಕುಟುಂಬಗಳಲ್ಲಿ ಸಾಲದ ಬಗ್ಗೆ, ಕಾಯಿಲೆಯ ಬಗ್ಗೆ, ಮಕ್ಕಳ ಓದಿನ ಬಗ್ಗೆ ಮಾತುಕತೆ ನಡೆಯುತ್ತದೆ. ಕಾಮದ ಪ್ರಲೋಭನೆಯ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಹರೆಯದ ಮಗನ ಮೊಬೈಲಿನಲ್ಲಿ ಅಶ್ಲೀಲ ಚಿತ್ರ ಕಣ್ಣಿಗೆ ಬಿದ್ದ ದಿನ ಮನೆಯಲ್ಲಿ ಬೈಗುಳ, ಕಣ್ಣೀರು, ಕೆಲವೊಮ್ಮೆ ಏಟು; ಮರುದಿನದಿಂದ ಮತ್ತೆ ಮೌನ. ಮಗನೋ ತಾನು ದೇವರಿಗೂ ಹೆತ್ತವರಿಗೂ ಬೇಡವಾದವನೆಂದು ತೀರ್ಮಾನಿಸಿ ಪಾಪನಿವೇದನೆಯಿಂದ ದೂರ ಸರಿಯುತ್ತಾನೆ. ಮದುವೆಯಾದವರಲ್ಲಿಯೂ ಇದೇ ಹೋರಾಟವನ್ನು ಒಂಟಿಯಾಗಿ, ನಾಚಿಕೆಯಿಂದ ಹೊತ್ತು ನಡೆಯುವವರು ಇದ್ದಾರೆ. ಈ ಮೌನವು ಯಾರನ್ನೂ ಕಾಪಾಡಿಲ್ಲ ಎಂಬುದನ್ನು ನಾವು ಒಪ್ಪಿಕೊಳ್ಳಬೇಕಾದ ಕಾಲ ಬಂದಿದೆ.

ಇಂಥವರಿಗೆ ನಾವೆಲ್ಲರೂ ಕೊಡುವ ಬುದ್ಧಿಮಾತು ಒಂದೇ: ಮನಸ್ಸನ್ನು ಗಟ್ಟಿ ಮಾಡಿಕೊ. ಮಾತೇನೋ ಒಳ್ಳೆಯದೇ. ಆದರೆ ಗಟ್ಟಿಯಾಗಬೇಕಾದ ಮನಸ್ಸೇ ಎರಡಾಗಿ ಸೀಳಿಹೋಗಿದ್ದರೆ, ಯಾವ ಭಾಗ ಯಾವುದನ್ನು ಗಟ್ಟಿ ಮಾಡಬೇಕು? ಈ ಪ್ರಶ್ನೆಯನ್ನು ಹದಿನಾರು ಶತಮಾನಗಳ ಹಿಂದೆಯೇ ಸ್ವಂತ ಬಾಳಿನಲ್ಲಿ ಎದುರಿಸಿ, ಕಂಡುಕೊಂಡ ಉತ್ತರವನ್ನು ನಮಗಾಗಿ ಬರೆದಿಟ್ಟವರು ಸಂತ ಅಗಸ್ಟೀನರು.

ಕ್ರಿ.ಶ. 354ರಲ್ಲಿ, ಇಂದಿನ ಅಲ್ಜೀರಿಯ ದೇಶಕ್ಕೆ ಸೇರಿದ ತಗಸ್ತೆ ಎಂಬ ಊರಿನಲ್ಲಿ ಅವರು ಹುಟ್ಟಿದರು. ವಿದ್ಯಾಭ್ಯಾಸಕ್ಕೆಂದು ಕಾರ್ಥೇಜ್ ನಗರಕ್ಕೆ ಹೋದಾಗ ಇನ್ನೂ ಹದಿಹರೆಯದವರು. ಅಲ್ಲಿ ವಿವಾಹವಿಲ್ಲದೆಯೇ ಒಬ್ಬ ಸ್ತ್ರೀಯೊಡನೆ ಬಾಳತೊಡಗಿ ಒಬ್ಬ ಮಗನನ್ನೂ ಪಡೆದರು. ಯೌವನದಲ್ಲಿ ಅವರು ಶುದ್ಧ ಜೀವನಕ್ಕಾಗಿ ದೇವರನ್ನು ಬೇಡಿದ್ದುಂಟು; ಬೇಡಿದ್ದು ಕೂಡಲೇ ಕೈಗೂಡಿಬಿಟ್ಟರೆ ಎಂದು ಅಂಜಿದ್ದೂ ಉಂಟು. ಇದನ್ನೆಲ್ಲ ಅವರೇ ತಮ್ಮ 'ನಿವೇದನೆಗಳು' ಗ್ರಂಥದಲ್ಲಿ ಮರೆಮಾಚದೆ ಹೇಳಿದ್ದಾರೆ.

ಆ ಗ್ರಂಥದ ಎಂಟನೆಯ ಭಾಗದಲ್ಲಿ ಅವರು ಕಾಮದ ಸಂಕೋಲೆಯನ್ನು ಕೊಂಡಿ ಕೊಂಡಿಯಾಗಿ ಬಿಡಿಸಿ ತೋರಿಸುತ್ತಾರೆ. ದಾರಿ ತಪ್ಪಿದ ಇಚ್ಛೆಯಿಂದ ಕಾಮ ಹುಟ್ಟುತ್ತದೆ. ಕಾಮಕ್ಕೆ ಮಣಿಯುತ್ತ ಹೋದಂತೆ ಅದು ಅಭ್ಯಾಸವಾಗುತ್ತದೆ. ಅಭ್ಯಾಸವನ್ನು ತಡೆಯದಿದ್ದರೆ ಅದು ಅನಿವಾರ್ಯವಾಗುತ್ತದೆ. ಈ ಮಾತಿನ ಸತ್ಯವನ್ನು ಇಂದು ಮಧ್ಯರಾತ್ರಿ ಮೊಬೈಲಿನಿಂದ ಕಣ್ಣು ಕೀಳಲಾಗದ ಯುವಕನಿಗೆ ಯಾರೂ ವಿವರಿಸಬೇಕಾಗಿಲ್ಲ. ಮೊದಲ ದಿನ ಅವನು ಬಯಸಿ ನೋಡಿದ. ಇಂದು ಬಯಸದೆಯೂ ನೋಡುತ್ತಿದ್ದಾನೆ.

ಹಾಗಾದರೆ ಶರೀರವೇ ಕೆಟ್ಟದ್ದೆಂದು ದ್ವೇಷಿಸಬೇಕೆ? ಅಗಸ್ಟೀನರು ಆ ದಾರಿಯನ್ನೂ ಹಿಡಿದು ನೋಡಿದ್ದರು. ಜಡವಸ್ತುವೂ ಶರೀರವೂ ಕೇಡಿನ ಮೂಲವೆಂದು ಬೋಧಿಸುತ್ತಿದ್ದ ಮಾನಿಯ ಪಂಥದಲ್ಲಿ ಅವರು ಸುಮಾರು ಒಂಬತ್ತು ವರ್ಷ ಇದ್ದರು. ಆ ಬೋಧನೆ ಅವರನ್ನು ಶುದ್ಧಗೊಳಿಸಲಿಲ್ಲ. ಪಾಪ ಮಾಡುವವನು ತಾನಲ್ಲ, ತನ್ನೊಳಗಿನ ಬೇರೊಂದು ಸ್ವಭಾವ ಎಂಬ ನೆಪವನ್ನಷ್ಟೇ ಕೊಟ್ಟಿತು. ಧರ್ಮಸಭೆಯ ಬೋಧನೆ ಇದಕ್ಕೆ ತೀರ ವಿರುದ್ಧವಾದುದು. ಶರೀರ ದೇವರ ಸೃಷ್ಟಿ; ಸಂತ ಪೌಲರ ಪ್ರಕಾರ ಅದು ಪವಿತ್ರಾತ್ಮರ ಆಲಯ. ವಿಶ್ವಗುರು ಎರಡನೆಯ ಜಾನ್ ಪೌಲರು 1979ರಿಂದ 1984ರವರೆಗೆ ತಮ್ಮ ಬುಧವಾರದ ಉಪದೇಶಗಳಲ್ಲಿ ಇದನ್ನೇ ವಿಸ್ತರಿಸಿ, ಪತಿಪತ್ನಿಯರ ದೇಹಸಂಬಂಧವು ಒಬ್ಬರು ಮತ್ತೊಬ್ಬರಿಗೆ ತಮ್ಮನ್ನು ಸಂಪೂರ್ಣವಾಗಿ ಅರ್ಪಿಸಿಕೊಳ್ಳುವ ಭಾಷೆಯೆಂದು ಬೋಧಿಸಿದರು. ಕಾಮದ ದೋಷವಿರುವುದು ದೇಹವನ್ನು ಮೆಚ್ಚುವುದರಲ್ಲಲ್ಲ. ದೇಹದೊಳಗಿರುವ ವ್ಯಕ್ತಿಯನ್ನು ಮರೆಯುವುದರಲ್ಲಿ. ಸಂತ ಥಾಮಸ್ ಅಕ್ವಿನಾಸರು ಕಾಮದಿಂದ ಹುಟ್ಟುವ ಕೇಡುಗಳನ್ನು ಎಣಿಸುವಾಗ ಬುದ್ಧಿಯ ಕುರುಡನ್ನು ಮೊದಲು ಹೇಳುವುದು ಇದಕ್ಕಾಗಿಯೇ.

ಆ ಕುರುಡಿಗೆ ಬೆಲೆ ತೆತ್ತವರೂ ಇದ್ದಾರೆ. ಅಗಸ್ಟೀನರಿಗೆ ಅನುಕೂಲವಾದ ವಿವಾಹಸಂಬಂಧ ಗೊತ್ತಾದಾಗ, ಅಷ್ಟು ವರ್ಷ ಜೊತೆಗಿದ್ದ ಆ ಸ್ತ್ರೀಯನ್ನು ಆಫ್ರಿಕಕ್ಕೆ ಹಿಂದಿರುಗಿಸಲಾಯಿತು. ಮಗ ತಂದೆಯ ಬಳಿಯೇ ಉಳಿದ. ಇನ್ನು ಮುಂದೆ ಬೇರೆ ಪುರುಷನನ್ನು ಸೇರುವುದಿಲ್ಲವೆಂದು ಆಕೆ ವ್ರತ ತೊಟ್ಟು ಹೋದಳು. ಅಗಸ್ಟೀನರಾದರೋ ಮದುವೆಗಿದ್ದ ಎರಡು ವರ್ಷದ ಅವಧಿಯನ್ನೂ ಕಾಯಲಾರದೆ ಮತ್ತೊಬ್ಬಳನ್ನು ಇಟ್ಟುಕೊಂಡರು. ಆಕೆಯ ಹೆಸರು ಇಂದಿಗೂ ನಮಗೆ ತಿಳಿಯದು. ಕಾಮವನ್ನು ನಮ್ಮ ಆತ್ಮಕ್ಕೆ ತಗಲುವ ಕಲೆಯೆಂದಷ್ಟೇ ಎಣಿಸುವ ನಾವು ಈ ಹೆಸರಿಲ್ಲದ ಸ್ತ್ರೀಯನ್ನು ನೆನೆಯಬೇಕು. ಅಶ್ಲೀಲ ಚಿತ್ರದಲ್ಲಿ ಕಾಣುವವಳೂ ಯಾರದೋ ಮಗಳು. ನಮಗೆ ಆಕೆಯ ಹೆಸರೂ ತಿಳಿಯದು, ಕಷ್ಟವೂ ತಿಳಿಯದು. ಕಾಮದ ಪಾಪವು ನೆರೆಯವರಿಗೆ ಬಗೆಯುವ ಅನ್ಯಾಯವೂ ಹೌದು.

386ರಲ್ಲಿ, ಮಿಲಾನಿನ ಒಂದು ತೋಟದಲ್ಲಿ ಆ ಸಂಕೋಲೆ ಕಳಚಿತು. ಅತ್ತು ಬಳಲಿದ್ದ ಅಗಸ್ಟೀನರು ಸಂತ ಪೌಲರ ಪತ್ರವನ್ನು ತೆರೆದು, ಕಣ್ಣಿಗೆ ಬಿದ್ದ ವಾಕ್ಯವನ್ನು ಓದಿದರು. ತಮ್ಮ ಬಲದಿಂದ ಆಗದಿದ್ದುದು ಪ್ರಭುವಿನ ಕೃಪೆಯಿಂದ ಆಯಿತು. ಆ ದಿನ ಅವರು ಒಂಟಿಯಾಗಿರಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಗೆಳೆಯ ಅಲಿಪಿಯಸ್ ಅದೇ ತೋಟದಲ್ಲಿದ್ದನು. ಓದಿದ್ದನ್ನು ಮೊದಲು ಅವನಿಗೆ ಹೇಳಿ, ಬಳಿಕ ಇಬ್ಬರೂ ಒಳಗೆ ಹೋಗಿ ತಾಯಿ ಮೋನಿಕಾಳಿಗೆ ತಿಳಿಸಿದರು. ಮರುವರ್ಷದ ಪಾಸ್ಖ ಹಬ್ಬದಲ್ಲಿ ಸಂತ ಅಂಬ್ರೋಸರಿಂದ ಅಗಸ್ಟೀನರೂ ಗೆಳೆಯನೂ ಮಗನೂ ಒಟ್ಟಿಗೆ ದೀಕ್ಷಾಸ್ನಾನ ಪಡೆದರು. ದೇವರ ಕೃಪೆ ಒಬ್ಬ ಗೆಳೆಯನ, ಒಬ್ಬ ತಾಯಿಯ, ಒಬ್ಬ ಗುರುವಿನ ಕೈಗಳ ಮೂಲಕವೇ ಬಂದಿತು.

ಇನ್ನೊಂದು ಮಾತು, ಬಿದ್ದು ಎದ್ದು ದಣಿದವರಿಗೆ. ಇದಾಗಿ ಹತ್ತು ವರ್ಷಗಳಿಗೂ ಮೀರಿದ ಮೇಲೆ, ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿದ್ದಾಗ ಬರೆದ ಅದೇ ಗ್ರಂಥದ ಹತ್ತನೆಯ ಭಾಗದಲ್ಲಿ, ಹಳೆಯ ಚಿತ್ರಗಳು ಕನಸಿನಲ್ಲಿ ಇನ್ನೂ ಬಂದು ಕಾಡುತ್ತವೆಂದು ಅವರು ಬರೆದಿದ್ದಾರೆ. ಸಂತರಿಗೂ ಪ್ರಲೋಭನೆ ಬಂದಿತು. ಪ್ರಲೋಭನೆ ಬರುವುದು ಪಾಪವಲ್ಲ; ತಿಳಿದೂ ಅದಕ್ಕೆ ಸಮ್ಮತಿಸುವುದು ಪಾಪ. ಈ ಭೇದವನ್ನು ಮಕ್ಕಳಿಗೆ ಧರ್ಮೋಪದೇಶದ ತರಗತಿಯಲ್ಲಿಯೂ ಮನೆಯಲ್ಲಿಯೂ ಸ್ಪಷ್ಟವಾಗಿ ಹೇಳಿಕೊಟ್ಟರೆ ಎಷ್ಟೋ ಎಳೆಯ ಮನಸ್ಸುಗಳು ನಿರಾಶೆಯಿಂದ ಪಾರಾದಾವು.

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ರಾತ್ರಿ ಮಲಗುವ ಮುನ್ನ ಮನೆಯವರೆಲ್ಲರ ಮೊಬೈಲುಗಳು, ತಂದೆಯದೂ ಸೇರಿ, ಜಪಸರ ಪ್ರಾರ್ಥನೆ ಮಾಡುವ ಕೋಣೆಯಲ್ಲಿಯೇ ಉಳಿಯಲಿ. ಮಗನ ತಪ್ಪು ಕಂಡ ದಿನ ಕೈ ಎತ್ತುವ ಮೊದಲು ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ಮೋನಿಕಾ ತಾಯಿ ಮಗನಿಗಾಗಿ ಕಣ್ಣೀರಿಟ್ಟು ಬೇಡಿದರು, ಅವನನ್ನು ಹುಡುಕಿಕೊಂಡು ಕಡಲನ್ನೂ ದಾಟಿದರು. ಹೋರಾಡುತ್ತಿರುವವರಿಗೆ ಹೇಳುವುದೇನೆಂದರೆ, ಪಾಪನಿವೇದನೆಯಲ್ಲಿ ಕೇಳಿದ್ದನ್ನು ಯಾವ ಕಾರಣಕ್ಕೂ ಗುರುಗಳು ಹೊರಗೆಡಹುವಂತಿಲ್ಲ, ಮತ್ತು ನಿಮ್ಮ ಪಾಪ ಅವರು ಈ ಹಿಂದೆ ಕೇಳದ್ದೇನೂ ಅಲ್ಲ. ಹತ್ತು ಸಲ ಬಿದ್ದಿದ್ದರೆ ಹನ್ನೊಂದನೆಯ ಸಲವೂ ಬನ್ನಿ. ಸಂಕೋಲೆ ಒಂದೇ ದಿನದಲ್ಲಿ ಬೆಸೆದುದಲ್ಲ. ಅದರ ಒಂದೊಂದು ಕೊಂಡಿಯನ್ನೂ ಬಿಡಿಸುವ ತಾಳ್ಮೆ ನಮ್ಮ ಪ್ರಭುವಿಗಿದೆ.